ಹೇಳಂಗಿಲ್ಲ ಅಂದರೆ ಇಲ್ಲ ಅಂತಲ್ಲ

ಜಗತ್ತಿನಲ್ಲಿ ಬಾಯಿಬಿಟ್ಟು ಕೆಡುವವರು ಕೆಲವರಾದರೆ ಬಾಯಿ ಮುಚ್ಚಿಕೊಂಡು ಕೆಡುವವರು ಇನ್ನು ಕೆಲವರು. ನಾನು ಎರಡೂ ಪಂಗಡಕ್ಕೆ ಸೇರಿದವನು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ಅಲ್ಲಗಳೆಯುವ ಧೈರ್ಯ ನನಗೆ ಮದುವೆಯಾದಾಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಮನುಷ್ಯ ಸುಮ್ಮನೆ ನಿಂತಾಗ ಅವನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲವೋ, ಇದ್ದೂ ಹೇಳುವಂತಿಲ್ಲವೋ ಎನ್ನುವುದನ್ನು ತಿಳಿದುಕೊಳ್ಳುವುದು ಬಹಳ ಕಷ್ಟ. ಇದನ್ನು ನನಗೆ ಮೊದಲು ಕಲಿಸಿದವಳು ನಮ್ಮವ್ವ.

ಇಂಡಿ ತಾಲ್ಲೂಕಿನ ತಾಂಬಾ ನಮ್ಮೂರು. ನಾನು ಸಾಲೆಗೆ ಹೋಗುತ್ತಿದ್ದ ಕಾಲದಲ್ಲಿ ರೇಶನ್ ಕಾರ್ಡಿಗೆಂದು ಅವ್ವ ಇಂಡಿಗೆ ಹೋದಳು. ಅಲ್ಲಿದ್ದ ಗುಮಾಸ್ತ ಮೈಸೂರು ಕಡೆಯಿಂದ ಹೊಸದಾಗಿ ಬಂದವನು. "ಯಜಮಾನರ ಹೆಸರೇನಮ್ಮ?" ಎಂದು ಕೇಳಿದ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳಬಾರದು ಎಂಬುದು ನಮ್ಮ ಕಡೆ ತೊಟ್ಟಿಲಲ್ಲೇ ಕಲಿಯುವ ಪಾಠ. ಅವ್ವ ಸೆರಗು ಎಳೆದುಕೊಂಡು ಗೋಡೆ ನೋಡಿದಳು. ಅವನು ಮತ್ತೆ ಕೇಳಿದ. ಅಪ್ಪನ ಹೆಸರು ಚಂದ್ರಪ್ಪ. ಪಾಪ, ಗುಮಾಸ್ತನಿಗೆ ಸಹಾಯವಾಗಲಿ ಎಂದು ಅವ್ವ ಕೈ ಎತ್ತಿ ಆಕಾಶ ತೋರಿಸಿದಳು. ನಮ್ಮೂರಿನ ಯಾರೇ ಆಗಿದ್ದರೂ ಚಂದ್ರಪ್ಪ ಎಂದು ತಿಳಿದುಕೊಳ್ಳುತ್ತಿದ್ದರು. ಆ ಗುಮಾಸ್ತ ಮಾತ್ರ ಲೇಖನಿ ಕೆಳಗಿಟ್ಟು, "ಕ್ಷಮಿಸಿ ತಾಯಿ" ಎಂದು ಅವ್ವನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಕಾರ್ಡಿನಲ್ಲಿ ವಿಧವೆ ಎಂದು ಬರೆದ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಅವ್ವನಿಗೆ ಅದೇ ಮೊದಲು. ಊರಿಗೆ ಬಂದು ಎಲ್ಲರ ಮುಂದೆ ಹೊಗಳಿಕೊಂಡಳು. ಕಾರ್ಡು ಓದಿಸಿ ನೋಡಿದ ಮೇಲೆ ಅಪ್ಪ, "ನಾ ಸತ್ತೇನಂತ ಯಾರು ಹೇಳ್ಯಾರ?" ಎಂದು ಕೂಗಾಡಿದ. "ನಾ ಏನೂ ಹೇಳಿಲ್ಲ" ಎಂದಳು ಅವ್ವ. "ಅದ ತಪ್ಪಾಗೇತಿ" ಎಂದ ಅಪ್ಪ. ಇದ್ದದ್ದನ್ನು ಹೇಳುವಂತಿಲ್ಲ ಎಂದು ಸುಮ್ಮನಿದ್ದರೆ, ಕೇಳಿದವನು ಅದು ಇಲ್ಲವೇ ಇಲ್ಲ ಎಂದು ಬರೆದುಕೊಂಡು ಹೋಗುತ್ತಾನೆ. ಅಪ್ಪನಂಥ ಅಪ್ಪನೇ ಹೀಗೆ ಹೋಗಿಬಿಟ್ಟ ಮೇಲೆ ನಾನು ಹುಷಾರಾಗಿರಬೇಕಾಗಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಧಾರವಾಡದ ಒಂದು ಗಣಕ ಕೇಂದ್ರದಲ್ಲಿ ನೌಕರಿಗಿದ್ದೆ. ಆಗ ಕಂಪ್ಯೂಟರ್ ಎಂದರೆ ಏನು ಎಂದು ಬಂಧುಬಳಗಕ್ಕೆ ತಿಳಿಸಿ ಹೇಳುವುದು ಕಂಪ್ಯೂಟರ್ ನಡೆಸುವುದಕ್ಕಿಂತ ಕಷ್ಟದ ಕೆಲಸ. ಬಸವನ ಬಾಗೇವಾಡಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಮಾವ ಚನ್ನಪ್ಪನವರು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, "ಆತ್ರಿ, ಒಳಗ ಎಷ್ಟು ಮಂದಿ ಕುಂದರ್ತಾರ?" ಎಂದಿದ್ದರು. ನಮ್ಮ ಅತ್ತೆಯವರಿಗೆ ತಿಳಿದದ್ದು ಇಷ್ಟೇ: ಅಳಿಯಂದಿರು ಕೆಲಸ ಮಾಡುವ ಕೋಣೆಯಲ್ಲಿ ಬೇಸಗೆಯಲ್ಲೂ ಚಳಿ, ಆದ್ದರಿಂದ ಅವರಿಗೆ ಸ್ವೆಟರ್ ಹೆಣೆಯಬೇಕು. ಆ ಚಳಿ ಇದ್ದದ್ದು ಯಂತ್ರದ ಕೋಣೆಯಲ್ಲಿ. ನನಗೆ ಕೊಟ್ಟಿದ್ದ ಕೋಣೆಯಲ್ಲಿ ಒಂದು ಫ್ಯಾನಿತ್ತು. ಅದು ತಿರುಗುವುದಕ್ಕಿಂತ ಹೆಚ್ಚಾಗಿ ನರಳುತ್ತಿತ್ತು.

ಆ ಯಂತ್ರದ ಒಂದು ರೀತಿರಿವಾಜನ್ನು ಇಲ್ಲಿ ಹೇಳಲೇಬೇಕು. ಅದನ್ನು ಬಳಸುವ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಿ, ಗುಟ್ಟಿನ ಮಾತೊಂದನ್ನು ಒತ್ತಿ ಒಳಗೆ ಹೋಗಬೇಕು. ಆಮೇಲೆ ಅವರವರ ಯೋಗ್ಯತೆಗೆ ತಕ್ಕಷ್ಟು ಬಾಗಿಲು ತೆರೆಯುತ್ತವೆ. ಈವತ್ತಿನ ತಾರೀಖು ಯಾವುದು, ಅಚ್ಚಿನ ಕಾಗದದ ಪುಟಕ್ಕೆ ಎಷ್ಟು ಸಾಲು ಹಿಡಿಸುತ್ತವೆ ಎಂಬಂಥ ಯಂತ್ರದ ಮನೆವಾರ್ತೆಯೆಲ್ಲ ಒಂದು ಕಡೆ ಬರೆದಿಟ್ಟಿರುತ್ತದೆ. ಅದನ್ನು ತಿದ್ದುವ ಹಕ್ಕು ನಮ್ಮ ದೊಡ್ಡ ಸಾಹೇಬರೊಬ್ಬರಿಗೇ. ಇದು ನ್ಯಾಯವೇ. ಕಂಡಕಂಡವರು ತಾರೀಖು ತಿದ್ದಿದರೆ ಪಗಾರ ಯಾವತ್ತು ಬರಬೇಕು? ಆದರೆ ಅದನ್ನು ಸುಮ್ಮನೆ ಇಣುಕಿ ನೋಡುವುದಕ್ಕೂ ಸಾಹೇಬರ ಹೆಸರೇ ಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಯಾಕೆಂದರೆ ನಾನು ಕೆಲಸ ಮಾಡುವಾಗ ಸಾಹೇಬರು ಅಕ್ಕರೆಯಿಂದ ಪಕ್ಕದಲ್ಲೇ ಕುಳಿತು, ತಮ್ಮ ಹೆಸರಿನಲ್ಲೇ ಯಂತ್ರ ತೆರೆದುಕೊಡುತ್ತಿದ್ದರು. ಗೌಡರ ಸಂಗಡ ಹೋದವನಿಗೆ ಊರಿನ ಬಾಗಿಲೆಲ್ಲ ತೆರೆದೇ ಕಾಣುತ್ತವೆ.

ಆ ವರ್ಷ ನಮ್ಮ ಭಾಗದ ಪಿಯುಸಿ ಫಲಿತಾಂಶದ ಪಟ್ಟಿ ಅಚ್ಚು ಹಾಕುವ ಕೆಲಸ ನಮ್ಮ ಕೇಂದ್ರಕ್ಕೆ ಬಂತು. ಸಾಲಿಗೊಂದರಂತೆ ತೂತು ಕೊರೆದ ಕಾರ್ಡುಗಳ ಮೇಲೆ ಪ್ರೋಗ್ರಾಮು ಬರೆದವನು ನಾನು. ಸಾಹೇಬರ ಹೆಸರಿನಲ್ಲಿ ಓಡಿಸಿ ನೋಡಿದಾಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸವಾಯಿತು. ಅಚ್ಚು ಹಾಕುವ ಹೊಣೆಯನ್ನು ಆಪರೇಟರ್ ಶರಣಪ್ಪನಿಗೆ ಒಪ್ಪಿಸಿ, ಸಾಹೇಬರು ಯಾವುದೋ ಸಭೆಗೆಂದು ದಿಲ್ಲಿಗೆ ಹೋದರು. ನಾನು ರಜೆ ಹಾಕಿ ಬಾಗೇವಾಡಿಗೆ ಬಂದೆ. ನನ್ನ ಹೆಂಡತಿ ಶಾಂತಾ ಚೊಚ್ಚಲ ಬಸುರಿ. ತವರಿನಲ್ಲಿ ಅವಳ ಕುಬುಸದ ಕಾರ್ಯ.

ಮನೆಯಲ್ಲಿ ಕುಬುಸಕ್ಕಿಂತ ದೊಡ್ಡದಾಗಿ ಕುಳಿತಿದ್ದ ವಿಷಯ ಇನ್ನೊಂದಿತ್ತು. ಶಾಂತಾಳ ತಂಗಿ ಕಸ್ತೂರಿ ಮುದ್ದೇಬಿಹಾಳದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿಯುಸಿ ಪರೀಕ್ಷೆಗೆ ಕೂತಿದ್ದಳು. ವಿಜಾಪುರಕ್ಕೆ ಹೋಗಿ ಬಿಎಸ್ಸಿ ಓದಬೇಕು ಎಂಬುದು ಅವಳ ಹಟ. ಅತ್ತ ಚಡಚಣದ ದ್ರಾಕ್ಷಿ ತೋಟದವರೊಬ್ಬರು ಮಗನಿಗೆ ಇವಳನ್ನು ಕೇಳಿದ್ದರು, ಭಾನುವಾರ ನೋಡುವುದಕ್ಕೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ನಮ್ಮ ಮಾವ ಕೆಟ್ಟವರಲ್ಲ. ನನ್ನೆದುರಿಗೇ ಮಗಳಿಗೆ ಹೇಳಿದರು: "ಶುಕ್ರವಾರ ರಿಜಲ್ಟ್ ಐತಿ ಅಂತಾರ ಅಳಿಯಾರು. ಪಾಸಾಗಿದ್ರ, ಹುಡುಗಿ ಓದಾಕ ಹೊಂಟಾಳ್ರೀ, ಬರಬ್ಯಾಡ್ರಿ ಅಂತ ನಾನ ಹೇಳಿ ಕಳಸ್ತೇನಿ. ಕೈಯಾಗ ರಿಜಲ್ಟ್ ಇಲ್ದ ಯಾವ ಬಾಯಿಲೆ ಹೇಳ್ಲಿ? ಅವರು ಬಂದು ನೋಡಿ, ಹೂಂ ಅಂದು ಹೋದ ಮ್ಯಾಲ ನಾ ಮಾತು ತಿರುಗ್ಸಾಂವ ಅಲ್ಲ."

ಕಸ್ತೂರಿ ನನ್ನ ಕಡೆ ನೋಡಿದಳು. "ಮಾಮಾ, ಶುಕ್ರವಾರ ಖರೇನ ಬರ್ತೈತೇನ್ರೀ?" ಎಂದು ಕೇಳಿದಳು. "ಪ್ರೋಗ್ರಾಮು ನಂದೈತಿ, ಬರ್ದ ಎಲ್ಲಿ ಹೋಗ್ತೈತಿ" ಎಂದು ನಾನು ಎದೆಯುಬ್ಬಿಸಿದೆ. ಅಳಿಯನಿಗೆ ಅತ್ತೆಯ ಮನೆಯಲ್ಲಿ ಎದೆಯುಬ್ಬಿಸುವ ಅವಕಾಶ ಪದೇ ಪದೇ ಸಿಗುವುದಿಲ್ಲ. ಸಿಕ್ಕಾಗ ಹಿಂದುಮುಂದು ನೋಡುವಷ್ಟು ಬುದ್ಧಿ ಯಾವ ಅಳಿಯನಿಗೂ ಇರುವುದಿಲ್ಲ.

ಗುರುವಾರ ಕುಬುಸ. ಶಾಂತಾಳನ್ನು ಹಸಿರು ಸೀರೆ ಉಡಿಸಿ ಕೂರಿಸಿದ್ದರು. ನನ್ನನ್ನೂ ರುಮಾಲು ಸುತ್ತಿ ಪಕ್ಕದಲ್ಲಿ ಕೂರಿಸಿದ್ದರು. ಆರತಿ ಮುಗಿದು ಒಡಪು ಹೇಳುವ ಸರದಿ ಬಂತು. ಗಂಡನ ಹೆಸರು ಹೇಳಬಾರದು ಎಂದು ಕಟ್ಟು ಮಾಡಿದ ನಮ್ಮ ಹಿರಿಯರೇ, ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ ಎಂದು ಒಂದು ಕಿಂಡಿ ಬಿಟ್ಟಿದ್ದಾರೆ. ಬಾಜೂ ಮನೆಯ ಗಂಗವ್ವ ಶುರು ಮಾಡಿದಳು: "ಬಿಸಿ ಬಿಸಿ ರೊಟ್ಟಿಗಿ ಬದನಿ ಎಣಗಾಯಿ, ಮಲ್ಲಪ್ಪನವರ ಹೆಸರು ಹೇಳಾಕ ಯಾಕ ನಾಚಲಿ ತಾಯಿ." ಎಲ್ಲರೂ ನಕ್ಕು ಶಾಂತಾಳ ಕಡೆ ತಿರುಗಿದರು. ಶಾಂತಾ ತಲೆ ತಗ್ಗಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಟಪಾಲಿನವನು ಬಾಗಿಲಲ್ಲಿ ನಿಂತು, ಧಾರವಾಡದಿಂದ ಅರ್ಜೆಂಟ್ ಟ್ರಂಕ್ ಕಾಲ್ ಬಂದಿದೆ ಎಂದ.

ತಲೆಯ ಮೇಲಿನ ರುಮಾಲು, ಹಣೆಯ ಮೇಲಿನ ಅಕ್ಕಿಕಾಳು ಸಮೇತ ನಾನು ಓಡಿದೆ. ಹಿಂದೆ ಮಾವನವರೂ ಬಂದರು. ಆಗಿನ ಟ್ರಂಕ್ ಕಾಲಿನಲ್ಲಿ ಮಾತಾಡಿದರೆ ಧಾರವಾಡಕ್ಕೆ ಕೇಳುತ್ತಿತ್ತೋ ಇಲ್ಲವೋ, ಬಾಗೇವಾಡಿಗಂತೂ ಪೂರ್ತಿ ಕೇಳುತ್ತಿತ್ತು. "ಸರ, ಮಿಷನ್ ನಿಂತೈತ್ರಿ" ಎಂದ ಶರಣಪ್ಪ. "ಪ್ರೋಗ್ರಾಮು ಪುಟದ ಅಳತಿ ನೋಡಾಕ ಹೋಗೇತ್ರಿ. ನಿನಗ ನೋಡಾಕ ಪರವಾನಿಗಿ ಇಲ್ಲ ಅಂತ ಇಂಗ್ಲೀಷಿನ್ಯಾಗ ಬರದು ಗಪ್ ಕುಂತೈತಿ." ಅದನ್ನು ಕೇಳಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ಶರಣಪ್ಪ ತನ್ನ ಹೆಸರಿನಲ್ಲಿ ಯಂತ್ರ ತೆರೆದಿದ್ದಾನೆ. ಸಾಹೇಬರ ಗುಟ್ಟಿನ ಮಾತು ಸಾಹೇಬರೊಂದಿಗೆ ದಿಲ್ಲಿಗೆ ಹೋಗಿದೆ. ನನ್ನ ಪ್ರೋಗ್ರಾಮು ನಮ್ಮವ್ವನ ಹಾಗೆ ಗೋಡೆ ನೋಡುತ್ತ ನಿಂತಿದೆ. ಅಂಜಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ: "ಶರಣಪ್ಪಾ, ನೋಡಾಕ ಬಿಡದಿದ್ರ ಬಿಡವಲ್ದ್ಯಾಕ, ಏನೂ ಇಲ್ಲಂತ ತಿಳ್ಕೊಂಡು ಮುಂದಕ ಹೋಗು ಅಂತ ಒಂದು ಕಾರ್ಡು ತಿದ್ದಿ ಹಾಕು." "ಹೂನ್ರಿ" ಎಂದ. ಲೈನ್ ಕಡಿಯಿತು.

ಅಲ್ಲೇ ಚಹಾ ತರಿಸಿ ಕುಡಿದು ಒಂದು ತಾಸು ಕಾದು ಕೂತ ಮೇಲೆ ಮತ್ತೆ ಗಂಟೆ ಬಾರಿಸಿತು. ಈ ಸಲ ಶರಣಪ್ಪನದು ಅಳುದನಿ. ಯಂತ್ರ ಮುಂದಕ್ಕೇನೋ ಹೋಗಿತ್ತು. ಪುಟದ ಅಳತೆ ಏನೂ ಇಲ್ಲ ಎಂದು ನಾನೇ ಹೇಳಿಕೊಟ್ಟಿದ್ದರಿಂದ, ಒಂದು ಸಾಲು ಅಚ್ಚು ಹಾಕಿದ ಕೂಡಲೇ ಪುಟ ತುಂಬಿತು ಎಂದು ತಿಳಿದು ಹೊಸ ಪುಟಕ್ಕೆ ಹಾರುತ್ತಿತ್ತು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಪುಟ. "ಮಿಷನ್ ಖೋಲಿ ತುಂಬ ಕಾಗದ ಆಗೇತ್ರಿ ಸರ, ಹತ್ತಿ ಗಿರಣಿ ಆದಂಗ ಆಗೇತಿ. ಉಳದದ್ದು ಒಂದ ಡಬ್ಬಿ ಕಾಗದ ಐತಿ. ಶುಕ್ರವಾರ ಆಗೂದಿಲ್ಲ ಅಂತ ಮ್ಯಾಲಿನವ್ರು ಸೋಮವಾರಕ್ಕ ಹಾಕ್ಯಾರ್ರೀ" ಎಂದ. ಸೋಮವಾರ ಎಂಬ ಮಾತು ಕೇಳಿ ಮಾವನವರು ನನ್ನ ಮುಖ ನೋಡಿದರು. ಚಡಚಣದವರು ಬರುವುದು ಭಾನುವಾರ. ಗುಮಾಸ್ತನೊಬ್ಬ ಜೀವಂತ ಇದ್ದ ನಮ್ಮಪ್ಪನನ್ನು ಇಲ್ಲ ಎಂದು ಬರೆದ ಹಾಗೆ ನಾನು ಇದ್ದ ಪುಟದ ಅಳತೆಯನ್ನು ಇಲ್ಲ ಎಂದು ಬರೆಸಿ, ಒಬ್ಬ ಹುಡುಗಿಯ ಓದಿಗೆ ಕಲ್ಲು ಹಾಕಿದ್ದೆ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮನೆಗೆ ಬಂದಾಗ ಹೆಂಗಸರು ಇನ್ನೂ ಶಾಂತಾಳನ್ನು ಬಿಟ್ಟಿರಲಿಲ್ಲ. ಅವಳಿಗೆ ಒಡಪು ನೆನಪಾಗುತ್ತಿಲ್ಲ. ಹೆಸರು ಹಾಗೆಯೇ ಹೇಳುವಂತಿಲ್ಲ. ತಟ್ಟೆಯ ತುಂಬ ಸಕ್ಕರೆ ಹಾಗೇ ಕೂತಿದೆ. ಕಸ್ತೂರಿ ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಅಪ್ಪನ ಮುಖ ನೋಡಿಯೇ ಅವಳಿಗೆ ಸುದ್ದಿ ತಿಳಿದಂತಿತ್ತು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು.

ಕಡೆಗೆ ಗಂಗವ್ವನಿಗೆ ತಾಳ್ಮೆ ತಪ್ಪಿತು. ಅವಳಿಗೆ ಮನೆಗೆ ಹೋಗಿ ಎಮ್ಮೆ ಹಿಂಡಬೇಕಾಗಿತ್ತು. "ಯವ್ವಾ ಶಾಂತಾ, ಒಡಪು ಬರ್ಲಿಲ್ಲಂದ್ರ ನಮ್ಮ ಮನಿಯವ್ರು ಅಂದು ಮುಗಸು. ಹೆಸರು ಹೇಳ್ಲಿಲ್ಲ ಅಂದ್ರ ಗಂಡ ಇಲ್ದಾಕಿ ಆಕ್ಕೀ ಏನು? ಮಂದಿ ತಿಳ್ಕೋತಾರ. ಸಕ್ರಿ ಹಂಚ್ರಿ ಮದ್ಲ" ಎಂದಳು. ಶಾಂತಾ ತಲೆ ಎತ್ತದೆ, "ನಮ್ಮ ಮನಿಯವ್ರು" ಎಂದಳು. ಎಲ್ಲರೂ ಹೋ ಎಂದು ನಕ್ಕರು, ಸಕ್ಕರೆ ಹಂಚಿಯಾಯಿತು, ಕಾರ್ಯ ಮುಂದೆ ಸಾಗಿತು.

ಗಂಗವ್ವನಿಗೆ ಎಮ್ಮೆಯ ಚಿಂತೆಯ ಹೊರತು ಬೇರೇನೂ ಇರಲಿಲ್ಲ. ಆದರೆ ನಾನು ಬಾಯಿಗೆ ಹಾಕಿಕೊಂಡ ಸಕ್ಕರೆ ಕರಗುವ ಮೊದಲೇ ಎದ್ದೆ. ಪುಟಕ್ಕೆ ಎಷ್ಟು ಸಾಲು ಎನ್ನುವುದು ಅಷ್ಟೇನೂ ಗುಟ್ಟಿನ ವಿಷಯವಲ್ಲ, ಆ ಕಾಗದ ತಂದಾಗಿನಿಂದ ಅದೇ ಅಳತೆ, ಅಲ್ಲಿರುವ ಎಲ್ಲರಿಗೂ ಬಾಯಿಪಾಠ. ಯಂತ್ರ ಅಧಿಕೃತವಾಗಿ ಹೇಳಲಿಲ್ಲ ಎಂದರೆ ವಾಡಿಕೆಯದನ್ನು ಹಿಡಿದು ಮುಂದೆ ಹೋದರಾಯಿತಲ್ಲ. ಮತ್ತೆ ಟಪಾಲು ಕಚೇರಿಗೆ ನಡೆದೆ. ನಾನು ಬೇಡವೆಂದರೂ ಮಾವನವರು ಬಿಡದೆ ಸಂಗಡ ಬಂದರು. ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆವು. ಪೋಸ್ಟ್ ಮಾಸ್ತರರು, "ವಿಜಾಪುರ ಲೈನ್ ಹೊಂದವಲ್ದು" ಎಂದು ಒಮ್ಮೆ, "ಧಾರವಾಡ ಎಂಗೇಜ್ ಐತಿ" ಎಂದು ಇನ್ನೊಮ್ಮೆ ಹೇಳಿ, ನಾವು ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ಕೈ ಮಾಡಿದರು.

ನಾನು ಕೂಗಿ ಕೂಗಿ ಹೇಳಿದೆ: "ಶರಣಪ್ಪಾ, ಕೇಳಿಲ್ಲೆ. ನೋಡಾಕ ಬಿಡಲಿಲ್ಲಂದ್ರ ನಿಂದ್ರಬಾರ್ದು. ಏನೂ ಇಲ್ಲ ಅಂತನೂ ತಿಳ್ಕೋಬಾರ್ದು. ಯಾವಾಗಲೂ ಇರೂ ಅಳತಿ ಹಿಡ್ಕೊಂಡು ಮುಂದಕ ಹೋಗಬೇಕು. ಮತ್ತ ಮದ್ಲನೇ ಪುಟದಾಗ ಚೊಕ್ಕ ಬರಸು, ನನಗ ನೋಡಾಕ ಪರವಾನಿಗಿ ಇರ್ಲಿಲ್ಲ, ವಾಡಿಕಿ ಪ್ರಕಾರ ಮಾಡೇನಿ ಅಂತ. ಹೇಳಾಕ ಬರಂಗಿಲ್ಲ ಅಂದ್ರ, ಬರಂಗಿಲ್ಲ ಅನ್ನೂದನ್ನರ ಬಾಯಿಬಿಟ್ಟು ಹೇಳಬೇಕು, ಸುಮ್ಮನಿರಬಾರ್ದು." ಟಪಾಲು ಕಚೇರಿಯಲ್ಲಿ ಅಂಟು ಹಚ್ಚುತ್ತಿದ್ದವರು, ಮನಿಯಾರ್ಡರ್ ಬರೆಸುತ್ತಿದ್ದವರು ಎಲ್ಲ ಕೈ ನಿಲ್ಲಿಸಿ ಕೇಳಿದರು. ಅವರಲ್ಲೊಬ್ಬ ಹಿರಿಯರು ಮಾವನವರಿಗೆ, "ನಿಮ್ಮ ಅಳಿಯಾರು ಪ್ರವಚನ ಚೊಲೋ ಹೇಳ್ತಾರ" ಎಂದರು. ಮಾವನವರು, "ಮಿಷನ್‌ಗೆ ಹೇಳಾಕತ್ತಾರ್ರೀ" ಎಂದು ಸಮಜಾಯಿಷಿ ಕೊಟ್ಟರು.

ಶುಕ್ರವಾರ ಯಾವ ಸುದ್ದಿಯೂ ಬರಲಿಲ್ಲ. ಇಂಗಳೇಶ್ವರದಿಂದ ಬಂದ ನೆಂಟರಿಗೆ ನಾನು ಹೇಳಿದ ಮಾತು ನನಗೇ ತಿಳಿಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಕಾಲ್ ಬಂದಾಗ ಮಾವನವರು ಅಂಗಡಿಯಲ್ಲಿದ್ದರು, ನಾನೊಬ್ಬನೇ ಹೋದೆ. "ಆತ್ರಿ ಸರ, ಅಷ್ಟೂ ಅಚ್ಚಾತು. ಒಂದ ಡಬ್ಬಿ ಕಾಗದದಾಗ ಮುಗೀತು" ಎಂದ ಶರಣಪ್ಪ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ದಿನಗಳಿಂದ ಎದೆಯ ಮೇಲಿದ್ದ ಜೋಳದ ಚೀಲ ಇಳಿದಂತಾಯಿತು. ಆಮೇಲೆ ದನಿ ತಗ್ಗಿಸಿ ಕಸ್ತೂರಿಯ ನಂಬರು ಹೇಳಿ, ಒಂಚೂರು ನೋಡಿ ಹೇಳಪ್ಪಾ ಎಂದೆ. ಆ ಕಡೆ ಕಾಗದ ತಿರುವುವ ಸದ್ದು ಕೇಳಿತು. ಕೊನೆಗೆ ಶರಣಪ್ಪ, "ಸರ, ಸಿಟ್ಟಾಗಬ್ಯಾಡ್ರಿ. ಸೋಮವಾರತನಕ ಯಾರಿಗೂ ಹೇಳಂಗಿಲ್ಲ ಅಂತ ಸಹಿ ಮಾಡಿಸ್ಕೊಂಡಾರ. ನಿಮಗೂ ಆ ಕಾಯಿದೆ ಬರ್ತೈತಿ. ಹೇಳಾಕ ನನಗ ಪರವಾನಿಗಿ ಇಲ್ಲ" ಎಂದ. ನಾನು ಹಣೆ ಒತ್ತಿಕೊಂಡೆ. ಅವನು ಮುಂದುವರಿಸಿದ: "ಅದಿರ್ಲಿ ಸರ, ಬಾಗೇವಾಡ್ಯಾಗ ಪೇಢೆ ಚೊಲೋ ಸಿಗ್ತಾವೇನ್ರೀ? ಅಂಗಡಿ ಬಾಗಲಾ ಹಾಕೂದ್ರಾಗ ಹೋಗಿ ತಗೋರಿ."

ಆ ಶರಣಪ್ಪನನ್ನು ಅಪ್ಪಿಕೊಳ್ಳಬೇಕು ಎನಿಸಿತು. ಕೈಗೆ ಸಿಕ್ಕಿದ್ದು ಫೋನಿನ ತಂತಿ. ನೆಟ್ಟಗೆ ಮಿಠಾಯಿ ಅಂಗಡಿಗೆ ಹೋಗಿ ಪೇಢೆ ಕಟ್ಟಿಸಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದೆ. ದಾರಿಯಲ್ಲಿ ಭಯ ಹತ್ತಿತು. ನಾನು ಬಾಯಿಬಿಟ್ಟರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ, ಟಪಾಲು ಕಚೇರಿಯ ಕೃಪೆಯಿಂದ ಧಾರವಾಡಕ್ಕೂ ಮುಟ್ಟುತ್ತದೆ. ಶರಣಪ್ಪನ ನೌಕರಿ ಹೋಗುತ್ತದೆ, ಹಿಂದೆಯೇ ನನ್ನದು. ಏನೇ ಆಗಲಿ ಬಾಯಿ ತೆರೆಯಬಾರದು ಎಂದು ಗಟ್ಟಿ ಮನಸ್ಸು ಮಾಡಿ ಹೊಸ್ತಿಲು ದಾಟಿದೆ.

ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಮಾವನವರೂ ಊಟಕ್ಕೆಂದು ಅಂಗಡಿಯಿಂದ ಬಂದಿದ್ದರು. "ಏನಾತ್ರಿ ಅಳಿಯಾರ? ಕಸ್ತೂರಿದು ಗೊತ್ತಾತೇನು?" ಎಂದರು. ನಾನು ಸುಮ್ಮನೆ ನಿಂತೆ. "ಪಾಸೋ ನಾಪಾಸೋ?" ಗೋಡೆ ನೋಡಿದೆ. ಶಾಂತಾ, "ಯಾಕ್ರೀ, ಹೇಳಬಾರ್ದೇನು?" ಎಂದಳು. ನಾನು ಎಂಥ ಪ್ರಾಮಾಣಿಕ ನೌಕರ ನೋಡಿ, ಸೂರಿನ ಕಡೆ ಮುಖ ಎತ್ತಿದೆ. ಅತ್ತೆಯವರ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಹೋಗ್ಲಿ ಬಿಡವಾ ಕಸ್ತೂರಿ, ಹಣ್ಯಾಗ ಬರದಿದ್ದಿಲ್ಲ. ಚಡಚಣದವ್ರು ಮಂದಿನೂ ಚೊಲೋ ಅದಾರ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾವನವರು ನಿಟ್ಟುಸಿರು ಬಿಟ್ಟು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು.

ಕಸ್ತೂರಿ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು. ಹತ್ತಿರ ಬಂದು ನನ್ನ ಬೆರಳು ಬಿಡಿಸಿ ಪೊಟ್ಟಣ ತೆಗೆದುಕೊಂಡು ಮೂಸಿದಳು. "ಅವ್ವಾ, ಅಳಬ್ಯಾಡ. ನಾಪಾಸಾದವ್ರ ಮನಿಗಿ ಯಾರೂ ಪೇಢೆ ಕಟ್ಟಿಸ್ಕೊಂಡು ಬರಂಗಿಲ್ಲ. ಮಾಮಾರಿಗಿ ಹೇಳಾಕ ಪರವಾನಿಗಿ ಇದ್ದಂಗಿಲ್ಲ" ಎಂದಳು. ಹೇಳಿ ಮುಗಿಸಿ ಅವಳೇ ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಬಸ್ಸಿಗೇ ಮಾವನವರು ಅಂಗಡಿಯ ಮನುಷ್ಯನನ್ನು ಚಡಚಣಕ್ಕೆ ಅಟ್ಟಿದರು. ಹುಡುಗಿ ಓದಲು ಹೊರಟಿದ್ದಾಳೆ, ಬರಬೇಡಿ ಎಂದು ಕೈ ಮುಗಿದು ಹೇಳಿ ಬಾ ಎಂದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಒಂದು ಪೇಢೆ ನನಗೆ ಕೊಟ್ಟು, ಒಂದನ್ನು ತಾವು ಮುರಿದುಕೊಂಡರು. "ಅಳಿಯಾರ, ಮೊನ್ನಿ ಟಪಾಲ ಆಫೀಸಿನ್ಯಾಗ ಮಿಷನ್‌ಗೆ ಅಷ್ಟು ಛಂದ ಬುದ್ಧಿ ಹೇಳಿದ್ರಿ. ಹೇಳಾಕ ಬರಂಗಿಲ್ಲ ಅನ್ನೂದನ್ನರ ಬಾಯಿಬಿಟ್ಟು ಹೇಳಬೇಕು ಅಂದ್ರಿ. ಮಿಷನ್ ಕೇಳ್ತು. ನೀವು ಯಾವಾಗ ಕೇಳಾವ್ರು?"

ಬಾಯಲ್ಲಿ ಪೇಢೆ ಇದ್ದದ್ದರಿಂದ ನಾನು ಉತ್ತರ ಕೊಡಲಿಲ್ಲ. ಅದನ್ನು ಅವರು ಏನೆಂದು ತಿಳಿದುಕೊಂಡರೋ ನನಗೆ ಗೊತ್ತಿಲ್ಲ.